ಆ ಮ್ಯಾನೇಜರ್ ಒತ್ತೋ ಹಾಗೆ ಒತ್ತಿ ನೋಡು

ಸೇಡು ತೀರಿಸ್ಕೊಳ್ಳೋದು ಕೆಟ್ಟದ್ದು ಅನ್ನೋರಿಗೆ ನಮ್ಮಕ್ಕನ ಕಥೆ ಗೊತ್ತಿಲ್ಲ. ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂತಿರ್ತಿದ್ದಳು. ಒಂದು ದಿನ ಅಲ್ಲಿನ ಮ್ಯಾನೇಜರ್ ಇಬ್ಬರು ರೋಗಿಗಳಿಗೆ ಒಂದೇ ಸಮಯ ಕೊಟ್ಟ. ಇಬ್ಬರೂ ಬಂದು ಜಗಳಕ್ಕೆ ನಿಂತಾಗ, ಡಾಕ್ಟರಮ್ಮನ ಎದುರಿಗೇ ತಪ್ಪನ್ನ ಅಕ್ಕನ ತಲೆಗೆ ಕಟ್ಟಿದ. "ಇವಳಿಗೆ ತಲೆ ಇಲ್ಲ ಮೇಡಂ" ಅಂದ. ಅಕ್ಕನ ಕೆಲಸ ಹೋಯಿತು. ಅವನ ಬಾಯಿಗೆ ಹುಳ ಬೀಳ.

ಅಕ್ಕ ಅಳಲಿಲ್ಲ. ಹಟ ಹಿಡಿದು ಪ್ರೋಗ್ರಾಮಿಂಗ್ ಕಲಿತು, ಸಣ್ಣ ಕಂಪನಿಯೊಂದಕ್ಕೆ ತರಬೇತಿಗೆ ಸೇರಿದಳು. ಸಿಕ್ಕ ಮೊದಲ ಕೆಲಸವೇ ಆ ಆಸ್ಪತ್ರೆಗೆ ರೋಗಿಗಳ ಸಮಯ ಗೊತ್ತುಮಾಡೋ ಪ್ರೋಗ್ರಾಂ. ಪರೀಕ್ಷೆ ಮಾಡಿ ಒಪ್ಪಬೇಕಾದವನು ಆ ಮ್ಯಾನೇಜರೇ. ಒಂದೇ ಒಂದು ತಪ್ಪು ಸಿಕ್ಕಿದ್ದರೂ ಅವಳಿಗೆ ತಲೆ ಇಲ್ಲ ಅನ್ನೋದು ಮತ್ತೆ ಸಾಬೀತಾಗ್ತಿತ್ತು, ಕೆಲಸ ಖಾಯಂ ಆಗೋ ಮಾತೂ ಅಲ್ಲಿಗೆ ಮುಗೀತಿತ್ತು.

ಮೊದಮೊದಲು ಪುಟಗಟ್ಟಲೆ ಬರೆದು ಕಂಪ್ಯೂಟರಲ್ಲಿ ಒಮ್ಮೆಲೇ ಓಡಿಸ್ತಿದ್ದಳು. ಪರದೆ ತುಂಬ ತಪ್ಪು ತೋರಿಸೋ ಕೆಂಪಕ್ಷರ. ಎಲ್ಲಿ ಎಡವಿದ್ದು ಅಂತ ಹುಡುಕೋದರಲ್ಲೇ ಅರ್ಧ ಜೀವ ಹೋಗ್ತಿತ್ತು. ಆಮೇಲೆ ಬುದ್ಧಿ ಬಂತು: ನಾಲ್ಕು ಸಾಲು ಬರಿ, ಓಡಿಸು, ಸರಿಯಿದ್ದರೆ ಮುಂದಕ್ಕೆ. ಬರೆದದ್ದನ್ನ ನನಗೆ ಬಾಯಿಬಿಟ್ಟು ವಿವರಿಸೋಳು. ನನಗೆ ಒಂದಕ್ಷರ ತಿಳೀತಿರಲಿಲ್ಲ. ಹೇಳ್ತಾ ಹೇಳ್ತಾ ಅವಳೇ "ಅಯ್ಯೋ, ಇಲ್ಲಿ ತಪ್ಪಿದೆ" ಅಂತ ಎದ್ದುಹೋಗೋಳು.

ಕೊನೆಗೆ ನನ್ನನ್ನೇ ಕಂಪ್ಯೂಟರ್ ಮುಂದೆ ಕೂರಿಸಿದಳು. "ನೀನೀಗ ಆ ಮ್ಯಾನೇಜರ್. ನನ್ನ ಮಾನ ಕಳೆಯೋಕೆ ಬಂದಿದ್ದೀಯ. ಒತ್ತು."

ಒತ್ತಿದೆ ನೋಡಿ. ಹೆಸರು ಖಾಲಿ ಬಿಟ್ಟೆ. ಫೋನ್ ನಂಬರಿನ ಜಾಗದಲ್ಲಿ ಬೈಗುಳ ಬರೆದೆ. ಕಳೆದುಹೋದ ತಾರೀಖು ಕೊಟ್ಟೆ. ಪ್ರೋಗ್ರಾಂ ಕೆಲವನ್ನ ತಡೆಯಿತು, ಕೆಲವನ್ನ ತಕರಾರಿಲ್ಲದೆ ನುಂಗಿತು. ಇಬ್ಬರಿಗೆ ಒಂದೇ ಸಮಯ ಕೊಟ್ಟರೆ ಅದನ್ನೂ ನುಂಗಿತು. ಅಕ್ಕ ನನ್ನನ್ನ ಪಕ್ಕಕ್ಕೆ ಸರಿಸಿ ಕೂತಳು. ಒಂದೊಂದಾಗಿ ಸರಿಮಾಡಿದಳು, ಒಂದು ಸರಿಮಾಡಿದಾಗಲೆಲ್ಲ ಹಳೆಯವನ್ನೂ ನನ್ನಿಂದ ಮತ್ತೆ ಒತ್ತಿಸಿದಳು.

ತೋರಿಸೋ ದಿನ ನಾನೂ ಹೋದೆ, ಬಿಡ್ತೀನಾ. ಮ್ಯಾನೇಜರ್ ಡಾಕ್ಟರಮ್ಮನ ಪಕ್ಕ ನಿಂತು ಹೆಸರು ಖಾಲಿ ಬಿಟ್ಟ. ತಡೆಯಿತು. ಹಳೇ ತಾರೀಖು ಕೊಟ್ಟ. ತಡೆಯಿತು. ಕಡೆಗೆ ಒಂದೇ ಸಮಯಕ್ಕೆ ಇಬ್ಬರನ್ನ ತುಂಬಿದ. "ಈ ಸಮಯ ಬೇರೆಯವರಿಗೆ ಕೊಟ್ಟಾಗಿದೆ" ಅಂತ ಪರದೆ ಮೇಲೆ ಬಂತು.

"ಚೆನ್ನಾಗಿದೆಯಮ್ಮ," ಅಂದರು ಡಾಕ್ಟರಮ್ಮ. "ಇನ್ನು ಅವತ್ತಿನ ಹಾಗೆ ಆಗಲ್ಲ."

ಅಕ್ಕ ಅವನ ಕಡೆ ತಿರುಗಿದಳು. "ಅವತ್ತು ಸಮಯ ಕೊಟ್ಟಿದ್ದು ಯಾರು ಸಾರ್? ಮೇಡಂಗೆ ನೀವೇ ಹೇಳಿಬಿಡಿ."

ಅವನು ಕರವಸ್ತ್ರ ತೆಗೆದ. ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವನೆದುರು ಕೂತರು.

"ಹೇಳಿ," ಅಂದರು.