ಹೊಟ್ಟೆ ಬಿಡದ ಕೌದಿ

ಅಣ್ಣಿಗೇರಿ ಕಡೆಯ ಹೆಣ್ಣುಮಗಳೊಬ್ಬಳು ಮೊನ್ನೆ ನಮ್ಮೂರು ಸಂಶಿಗೆ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ನನ್ನಂತೆಯೇ ಮನೆಯಲ್ಲಿ ಕೂತು ಜಂಪರ್ ಹೊಲಿದು ಬದುಕುವವಳು. ಕೌದಿ ಹೊಲಿಯಲೆಂದು ನಾನು ತರಿಸಿದ ದೊಡ್ಡ ಮಷಿನ್ ನೋಡಬೇಕಂತೆ. ನೋಡಿದಳು, ಮುಟ್ಟಿದಳು, ಹೊದಿಕೆಯನ್ನು ತಾನೇ ಮತ್ತೆ ಮುಚ್ಚಿದಳು.

"ಇಷ್ಟು ರೊಕ್ಕ ಹಾಕಿದ್ದಕ್ಕ ಚೊಲೊ ಆತೇನ್ರಿ ಅಕ್ಕಾರ?" ಎಂದಳು.

ಮಷಿನ್ ಬಗ್ಗೆ ಕೇಳಿದ್ದಕ್ಕೆ ಮಷಿನ್ ಬಗ್ಗೆಯೇ ಹೇಳಿದೆ. ಹೊಸ ಬಟ್ಟೆಯಾದರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಹೊಲಿಯುತ್ತದೆ. ಹುಬ್ಬಳ್ಳಿ ಅಂಗಡಿಯವರಿಗೆ ಹಾಸಿಗೆ ಹೊದಿಕೆ ಮಾಡಿಕೊಡುವುದಿದ್ದರೆ ಕಣ್ಣು ಮುಚ್ಚಿ ತಗೋ. ಕರೆಂಟು ಮಾತ್ರ ನಮ್ಮ ಊರಿನದು, ಹೋದರೆ ಹೋಯಿತು. ಕೆಟ್ಟರೆ ರಿಪೇರಿಯವನ ಕಾಲು ಹಿಡಿಯಬೇಕು. ಹಳೆಯ ಸೀರೆಯ ಕೌದಿಗಾದರೆ ಬೇಡ. ಅವಳು ಯಾಕೆಂದು ಕೇಳಿದಳು. ಬಟ್ಟೆ ತಡೆಯುವುದಿಲ್ಲ ಎಂದು ಹೇಳಿ ಮಾತು ಮುಗಿಸಿದೆ. ಅದು ಅರ್ಧ ಮಾತು. ಉಳಿದರ್ಧ ಹೇಳಲು ನಾಚಿಕೆಯಾಯಿತು.

ಆ ಮಷಿನ್ ನನ್ನ ತಲೆಗೆ ಹೊಕ್ಕಿದ್ದು ಮೊಬೈಲಿನಿಂದ. ಯಾವುದೋ ದೇಶದ ಹೆಂಗಸರು ಅದರ ಮುಂದೆ ಕೂತು ನಗುನಗುತ್ತ ಕೌದಿಯಂಥದ್ದನ್ನು ಹೊಲಿಯುತ್ತಿದ್ದರು. ನನ್ನ ಹೊಲಿಗೆಯ ಗಳಿಕೆಯಲ್ಲಿ ಒಂದು ಜೋಡಿ ಎತ್ತು ತರಬಹುದಿತ್ತು, ಮಷಿನ್ ತಂದೆ. "ನಮ್ಮವ್ವ ಒಂದು ಸೂಜೀಲೆ ಮನಿಮಂದಿಗೆಲ್ಲ ಹೊಲದ್ಲು," ಎಂದರು ನಮ್ಮ ಮನೆಯವರು. "ನಿಮ್ಮವ್ವ ಬೀಸೂಕಲ್ಲಿನ್ಯಾಗ ಬೀಸತಿದ್ರು, ನೀವ್ಯಾಕ ಗಿರಣಿಗೆ ಹೋಗ್ತೀರಿ?" ಎಂದೆ. ಮತ್ತೆ ಅವರು ಆ ಮಾತು ತೆಗೆಯಲಿಲ್ಲ. ಗೆದ್ದೆ ಅಂದುಕೊಂಡೆ.

ನಮ್ಮ ಓಣಿಯಲ್ಲಿ ಕೌದಿಯನ್ನು ಯಾರೂ ಒಬ್ಬರೇ ಹೊಲಿಯುವುದಿಲ್ಲ. ಹೊಲದ ಕೆಲಸವಿಲ್ಲದ ದಿನಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಸುತ್ತ ಕೂತು, ಅಂಚಿನಿಂದ ಒಳಗೆ ಹೊಲಿಯುತ್ತ ಬರುತ್ತೇವೆ. ಒಮ್ಮೆ ಅವರ ಮನೆಯದು, ಇನ್ನೊಮ್ಮೆ ನಮ್ಮದು, ಮುಯ್ಯಿಗೆ ಮುಯ್ಯಿ. ನಟ್ಟನಡುವೆ ಅಂಗೈಯಗಲದ ತುಂಡೊಂದನ್ನು ಹೊಲಿಯದೆ ಬಿಡುತ್ತೇವೆ. ಅದು ಕೌದಿಯ ಹೊಟ್ಟೆ. ಓಣಿಯ ಹಿರಿಯಳಾದ ಆಯಿ ಅದರೊಳಗೆ ಒಂದು ಚೂರು ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟ ಮೇಲೆಯೇ ಮುಚ್ಚುವುದು. ಕೌದಿ ಹಸಿದಿದ್ದರೆ ಅದನ್ನು ಹೊದ್ದವರೂ ಹಸಿದಿರುತ್ತಾರೆ ಎನ್ನುತ್ತಾರೆ.

ಹೊಸ್ತಿಲ ಕಡೆಯ ಅಂಚು ನನ್ನದು. ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತವಳು. ನನ್ನ ಹೊಲಿಗೆ ಅಂಕುಡೊಂಕು ಎಂದು ಆಯಿ ಬೈದದ್ದು, ನಾನು ಸಿಟ್ಟಿಗೆದ್ದು ಸೂಜಿ ಬಿಸಾಕಿದ್ದು, ಯಾರ ಕಾಲಿಗೆ ಚುಚ್ಚೀತೋ ಎಂದು ಎಲ್ಲರೂ ಮೊಣಕಾಲೂರಿ ಅದನ್ನು ಹುಡುಕಿದ್ದು, ಎಲ್ಲವೂ ಆ ಅಂಚಿನಲ್ಲೇ. ತವರಿನ ಸುಖದುಃಖವನ್ನು ನಾನು ಮೊದಲು ಬಾಯಿಬಿಟ್ಟು ಹೇಳಿದ್ದೂ ಅಲ್ಲೇ ಕೂತು.

ಬಾಜೂ ಮನೆಯ ಅಕ್ಕನ ಮಗಳು ಚೊಚ್ಚಲ ಬಾಣಂತಿ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಅಕ್ಕ ತೀರಿಹೋದ ತನ್ನ ತಾಯಿಯ ಇಳಕಲ್ ಸೀರೆಗಳ ಗಂಟನ್ನು ಕಂಕುಳಲ್ಲಿ ಹಿಡಿದು ಓಣಿಯವರನ್ನು ಕರೆಯಲು ಹೊರಟಿದ್ದಳು. ನಾನೇ ಅಡ್ಡ ನಿಂತೆ.

"ನೆಲದ ಮ್ಯಾಲ ಕುಂತು ಯಾಕ ಸೊಂಟ ಮುರಕೋತೀರಿ? ನನಗಂತೂ ಆ ನೆಲ ಸಾಕಾಗೇತಿ. ಗಂಟು ಇಲ್ಲೆ ಕೊಡು, ಒಂದ ಮಧ್ಯಾಹ್ನದಾಗ ಹೊಲದು ಕೊಡ್ತೀನಿ."

"ಎಲ್ಲಾರೂ ಕೂಡಿ ಹೊಲದ್ರ..." ಎಂದು ಶುರುಮಾಡಿ ಅಕ್ಕ ನನ್ನ ಮುಖ ನೋಡಿದಳು. ನನ್ನ ಉತ್ಸಾಹಕ್ಕೆ ತಣ್ಣೀರು ಹಾಕಬಾರದು ಎನ್ನಿಸಿರಬೇಕು. ಗಂಟು ಕೊಟ್ಟಳು.

ಹೇಳಿದಂತೆಯೇ ಮುಗಿಸಿದೆ. ಗೆರೆ ಎಳೆದಂಥ ಹೊಲಿಗೆ, ಅಂಚಿಗೆ ಎಲೆಬಳ್ಳಿ. ನನಗೆ ನಾನೇ ಶಹಬ್ಬಾಸ್ ಅಂದುಕೊಂಡೆ. ಆ ಮಷಿನ್ ಕೆಳಗಿನ ದಾರ ಮುಗಿಯುವ ಮೊದಲೇ ಪರದೆಯ ಮೇಲೆ ಎಚ್ಚರಿಸುತ್ತದೆ. ಹೊಟ್ಟೆ ಬಿಡೇ ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ತೊಟ್ಟಿಲ ದಿನ ಕೌದಿಯನ್ನು ಬಿಚ್ಚಿ ಹಾಸಿದಾಗ ಬೀಗರ ಕಡೆಯವರೆಲ್ಲ ಬಾಗಿ ನೋಡಿದರು. ನಾನು ಹೊಸ ಸೀರೆ ಉಟ್ಟು ಮುಂದೆಯೇ ನಿಂತಿದ್ದೆ. ಆಯಿ ಸೆರಗಿನ ತುದಿಯಲ್ಲಿ ಹೋಳಿಗೆ ಚೂರು ಕಟ್ಟಿಕೊಂಡು ಬಂದಳು. ಅವಳಿಗೆ ಕಣ್ಣು ಮಂಜು. ಕೌದಿಯ ನಡುವೆ ಅಂಗೈ ಆಡಿಸಿದಳು, ಆಚೆ ಈಚೆ ತಡವಿದಳು, ಮತ್ತೆ ನಡುವಿಗೆ ಬಂದಳು.

"ಹೊಟ್ಟಿ ಎಲ್ಲಿ ಬಿಟ್ಟೀಯವಾ?"

ಓಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಹಿಂದಿನಿಂದ, "ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂ," ಎಂದಳು. ಕೆಲವರು ನಕ್ಕರು. ಬಾಣಂತಿ ಕೂಸನ್ನು ಎದೆಗೆ ಒತ್ತಿಕೊಂಡಳು. ಆ ಒತ್ತಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು.

"ತಡೀರಿ, ಬಿಚ್ಚತೀನಿ," ಎಂದು ಓಡಿಹೋಗಿ ಕತ್ತರಿ ತಂದೆ. ಕೈಹೊಲಿಗೆಯಾದರೆ ಒಂದು ದಾರ ಎಳೆದರೆ ಸಾಕು, ಉದ್ದಕ್ಕೂ ಬಿಚ್ಚುತ್ತದೆ. ಮಷಿನ್ ಹೊಲಿಗೆ ಇರುವೆ ಸಾಲಿನಂತೆ ಒತ್ತೊತ್ತಾಗಿತ್ತು. ಕತ್ತರಿ ತುದಿಯನ್ನು ಒಳಗೆ ತೂರಿಸಿದೆ. ಎಳೆದೆ. ಸೀರೆ ಪರ್ರೆಂದು ಹರಿಯಿತು. ವರ್ಷಗಟ್ಟಲೆ ಒಗೆದು ಒಗೆದು ಮೆತ್ತಗಾದ ಬಟ್ಟೆ, ಸೂಜಿಯ ತೂತಿನುದ್ದಕ್ಕೂ ಬಾಯಿ ಬಿಟ್ಟಿತು.

ಅಕ್ಕ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಇರಲಿ ಬಿಡವಾ, ಹಳೇ ಸೀರಿ," ಎಂದಳು. ಅವಳ ತಾಯಿ ಕೊನೆಯ ದಿನಗಳಲ್ಲಿ ಉಟ್ಟಿದ್ದ ಸೀರೆ ಅದು. ನನಗೂ ಗೊತ್ತಿತ್ತು. ಆಯಿ ಹರಿದ ಜಾಗದಲ್ಲೇ ಹೋಳಿಗೆ ಇಟ್ಟಳು. ಅಕ್ಕ ತನ್ನದೊಂದು ಹಳೆಯ ಜಂಪರಿನ ತುಂಡು ತಂದು ತೇಪೆ ಹಾಕಿ, ಉದ್ದುದ್ದ ಹೊಲಿಗೆಯಲ್ಲಿ ಮುಚ್ಚಿದಳು. ಅಷ್ಟು ಹೊತ್ತೂ ನಾನು ಹೊಸ ಸೀರೆಯಲ್ಲಿ, ಕತ್ತರಿ ಹಿಡಿದು, ನೆಂಟರ ನಡುವೆ ನಿಂತೇ ಇದ್ದೆ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಆಮೇಲೆ ಯಾರೂ ಮಾತು ಬಿಡಲಿಲ್ಲ. ಸಾರು ಕೇಳಿದರೆ ಸಾರು, ಮಜ್ಜಿಗೆ ಕೇಳಿದರೆ ಮಜ್ಜಿಗೆ, ಎಲ್ಲ ಮೊದಲಿನಂತೆಯೇ. ಕೌದಿಗೆ ಮಾತ್ರ ನನ್ನನ್ನು ಕರೆಯಲಿಲ್ಲ. ಈ ಬೇಸಗೆಯಲ್ಲಿ ಒಂದು ಮಧ್ಯಾಹ್ನ ಅಕ್ಕನ ಪಡಸಾಲೆಯಿಂದ ಹೆಂಗಸರ ನಗು ಕೇಳಿಸಿತು. ಕರೆಯುತ್ತಾರೆಂದು ಕಾದೆ. ಮಷಿನ್ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ಕೊನೆಗೆ ಮಾನ ಮರ್ಯಾದೆ ಬದಿಗಿಟ್ಟು ಉದ್ದ ಸೂಜಿಯೊಂದನ್ನು ಸೆರಗಿಗೆ ಚುಚ್ಚಿಕೊಂಡು ನಾನೇ ಹೋದೆ.

ಕೌದಿಯ ಸುತ್ತ ಎಲ್ಲರೂ ಕೂತಿದ್ದರು. ಹೊಸ್ತಿಲ ಕಡೆಯ ಅಂಚಿನಲ್ಲಿ ಆ ಹೊಸ ಸೊಸೆ ಇದ್ದಳು. ನನ್ನನ್ನು ಕಂಡು ಅವಳು ಸರಿದು ಜಾಗ ಮಾಡಲು ಹೊರಟಳು. ಅಷ್ಟರಲ್ಲಿ ಅಕ್ಕ ಗಡಬಡಿಸಿ ಎದ್ದು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು, ಸೆರಗಿನಿಂದ ಧೂಳನ್ನೂ ಒರೆಸಿದಳು.

"ನಿನಗ ನೆಲ ಆಗಿಬರಂಗಿಲ್ಲಲ್ಲವಾ, ಸೊಂಟ ನೋವು. ಮ್ಯಾಲ ಕುಂದ್ರು."

ಅವಳ ಮುಖ ನೋಡಿದೆ, ಕೊಂಕು ಇರಲಿಲ್ಲ. ನಾನು ಹೇಳಿದ ಮಾತನ್ನು ನಂಬಿ ನೆನಪಿಟ್ಟುಕೊಂಡಿದ್ದಳು, ಅಷ್ಟೇ. ಇಲ್ಲ ಎಂದು ನೆಲಕ್ಕೆ ಕೂತುಬಿಡಬೇಕಿತ್ತು. ಕುರ್ಚಿಯ ಮೇಲೆ ಕೂತೆ. ಉಳಿದವರೆಲ್ಲ ಸ್ಟೀಲ್ ಲೋಟದಲ್ಲಿ ಚಹಾ ಕುಡಿದರು. ನನಗೆ ಬೀಗರಿಗೆ ಕೊಡುವ ಕಪ್ಪುಬಸಿಯಲ್ಲಿ ಕೊಟ್ಟರು. ಸೆರಗಿನ ಸೂಜಿ ಯಾರಿಗೂ ಕಾಣದಂತೆ ಅಂಗೈ ಮುಚ್ಚಿಕೊಂಡು ಆ ಚಹಾ ಕುಡಿದೆ.