ಅಟ್ಟದ ಕೆಳಗೊಂದು ಹಗ್ಗ

ಪಾಳುಬಿದ್ದ ಮನೆ ಕೊಂಡು, ರಿಪೇರಿ ಮಾಡಿಸಿ, ಬಾಡಿಗೆಗೆ ಬಿಡುವುದು ನಮ್ಮ ಸಂಸಾರದ ಖಯಾಲಿ. ತೋಟದ ಜೊತೆಗೆ ಮುಪ್ಪಿಗೊಂದು ಆಸರೆ ಇರಲಿ ಎಂದು ಶುರು ಮಾಡಿದ್ದು, ಈಗ ಚಟವೇ ಆಗಿದೆ. ಮನೆ ನೋಡಲು ಹೋದರೆ ನಾನು ಮೊದಲು ಬಚ್ಚಲು ನೋಡುತ್ತೇನೆ, ಆಮೇಲೆ ಬಾಗಿಲುವಾಡಕ್ಕೆ ಗೆದ್ದಲು ಹತ್ತಿದೆಯೇ ಎಂದು ಕುಟ್ಟಿ ನೋಡುತ್ತೇನೆ. ನಮ್ಮ ಯಜಮಾನರು ಮಾತ್ರ ಒಳಗೆ ಕಾಲಿಟ್ಟವರೇ ಕತ್ತೆತ್ತಿ ಅಟ್ಟ ನೋಡುತ್ತಾರೆ. ಕೊಬ್ಬರಿ ಬೆಳೆದು ಬಾಳಿದ ವಂಶ ಅವರದು. ಅವರ ಲೆಕ್ಕದಲ್ಲಿ ಮನೆಯೆಂದರೆ ಅಟ್ಟ, ಮಿಕ್ಕಿದ್ದೆಲ್ಲ ಅದನ್ನು ಹೊರಲಿಕ್ಕೆ ಇರುವುದು.

ತುರುವೇಕೆರೆಯ ಹಳೇ ಬೀದಿಯ ಮನೆ ಕೊಂಡಾಗ ಅರ್ಧ ಹೆಂಚು ಕುಸಿದಿತ್ತು. ಅಡುಗೆಮನೆಯಲ್ಲಿ ಎಕ್ಕದ ಗಿಡ ನನ್ನೆತ್ತರ ಬೆಳೆದಿತ್ತು. ನಡುಮನೆಯ ಅಟ್ಟ ಮಾತ್ರ ಗಟ್ಟಿ ತೊಲೆ, ಸಂದು ಬಿಟ್ಟು ಜೋಡಿಸಿದ ಬಿದಿರಿನ ದಬ್ಬೆಗಳ ಸಮೇತ ಅಲ್ಲಾಡದೆ ನಿಂತಿತ್ತು. ಅದನ್ನೂ ಕಿತ್ತು, ಮೋಲ್ಡ್ ಹಾಕಿಸಿ, ಎರಡು ಸಂಸಾರಕ್ಕೆ ಆಗುವ ಹಾಗೆ ಕಟ್ಟೋಣ ಎಂದೆ ನಾನು.

"ಅಟ್ಟದ ಸುದ್ದಿಗೆ ಮಾತ್ರ ಬರಬ್ಯಾಡ ಕಣೇ. ಬೇಕಾದ್ರೆ ಮನೇನೇ ಬುಟ್ಬುಡಾನ," ಎಂದರು.

ಮೂರು ದಿನ ಮಾತು ಬಿಟ್ಟು ನೋಡಿದೆ, ಜಗ್ಗಲಿಲ್ಲ. ಕೊನೆಗೆ ಕೆಳಗೆ ಹೊಸ ನೆಲ, ಹೊಸ ವೈರಿಂಗು, ಹೊಸ ಬಚ್ಚಲು ಬಂದವು. ಮೇಲೆ ದಂಡಿನಶಿವರದ ನಮ್ಮ ತೋಟದ ಕಾಯಿ ಟ್ರ್ಯಾಕ್ಟರಿನಲ್ಲಿ ಬಂದು ಅಟ್ಟ ತುಂಬಿತು. ಬಾಡಿಗೆಯವರ ತಲೆಯ ಮೇಲೆ ತೆಂಗಿನಕಾಯಿ ಪೇರಿಸಿಡುವ ಬುದ್ಧಿ ನಮ್ಮ ಸೀಮೆಯವರಿಗಲ್ಲದೆ ಇನ್ಯಾರಿಗೆ ಬಂದೀತು?

ಅದರ ಮೇಲೊಂದು ಷರತ್ತು ಬೇರೆ. ಅಟ್ಟದ ಕಾಯಿ ಹೆಚ್ಚುಕಮ್ಮಿ ವರ್ಷ ಬೆಚ್ಚಗೆ ಕೂತು, ಒಳಗಿನ ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಗಡಗಡ ಎಂದಾಗಲೇ ಒಳ್ಳೆ ಕೊಬ್ಬರಿ. ತೇವ ತಗುಲಿದರೆ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಹಾಗಾಗಿ ಮನೆಯೊಳಗೆ ಒದ್ದೆ ಬಟ್ಟೆ ಒಣಹಾಕುವ ಹಾಗಿಲ್ಲ. ಮನೆ ನೋಡಲು ಬಂದವರೆಲ್ಲ ಷರತ್ತು ಕೇಳಿ, ಒಮ್ಮೆ ಮೇಲೆ ನೋಡಿ, "ಹೇಳಿ ಕಳಿಸ್ತೀವಿ" ಎಂದು ಹೋಗುತ್ತಿದ್ದರು.

ಹಾಗೆ ಹೋಗದೆ ಉಳಿದವಳು ಬಿಜಾಪುರದ ಕಡೆಯ ಆ ಹುಡುಗಿ. ಬ್ಯಾಂಕಿನಲ್ಲಿ ಕೆಲಸ. ಗಂಡನಿಗೆ ಅಮ್ಮಸಂದ್ರದ ಹತ್ತಿರ ಪಾಳಿ ಕೆಲಸ. ಎರಡೂ ಕಡೆಯ ಹಿರಿಯರನ್ನು ಎದುರು ಹಾಕಿಕೊಂಡು ಮದುವೆಯಾದವರು, ಹಬ್ಬಕ್ಕೂ ಒಂದು ನರಪಿಳ್ಳೆ ಬರುತ್ತಿರಲಿಲ್ಲ. ಅವಳು ಅಟ್ಟ ನೋಡಿ ನಕ್ಕು, "ಮನಿ ಭಾಳ ತಂಪೈತ್ರೀ ಅಮ್ಮಾರ," ಎಂದಳು. ಷರತ್ತನ್ನು ದೇವರ ಅಪ್ಪಣೆಯಂತೆ ಪಾಲಿಸಿದಳು. ಒದ್ದೆ ಕರ್ಚೀಫನ್ನೂ ಹಿತ್ತಲಿಗೇ ಒಯ್ಯುತ್ತಿದ್ದಳು. ಮಕ್ಕಳಿಲ್ಲದ ನನಗೆ ಅವಳ ಮೇಲೆ ಎಂಥ ಮಮತೆ ಬೆಳೆಯಿತೆಂದರೆ, ಬಾಡಿಗೆಯ ನೆಪ, ನಲ್ಲಿಯ ನೆಪ ಎಂದು ವಾರಕ್ಕೆರಡು ಸಲ ಹೋಗಿ ಕೂರುತ್ತಿದ್ದೆ.

ಅವಳು ಬಸುರಿಯಾದಳು. ಏಳು ತುಂಬುತ್ತಾ ಬಂದಾಗ ಒಂದು ಸಂಜೆ ಕಾಫಿ ಲೋಟ ನನ್ನ ಕೈಗಿಟ್ಟು, "ಮುಂದಿನ ತಿಂಗಳ ಮನಿ ಖಾಲಿ ಮಾಡ್ತೀವ್ರೀ," ಎಂದಳು.

"ಯಾಕವ್ವಾ? ಎಲ್ಲಿಗೆ ಹೋಗ್ತೀಯ?"

"ಬ್ಯಾರೆ ಎಲ್ಲ್ಯರ ನೋಡಾಕ್ಹತ್ತೀವಿ. ಹೆರಿಗಿ ಆಷಾಢದಾಗ ಬರತೈತಿ. ಮಳ್ಯಾಗ ಕೂಸಿನ ಅರಿವಿ ಒಳಗ ಒಣಗಸಬೇಕಲ್ರೀ. ಅಪ್ಪಾರ ಕಾಯಿ ಕೆಡತಾವ."

ಕೂಸಿನ ಬಟ್ಟೆಗೋಸ್ಕರ ತುಂಬು ಬಸುರಿ ಮನೆ ಹುಡುಕಿಕೊಂಡು ಅಲೆಯುವುದೇ! ಲೋಟ ಕೆಳಗಿಟ್ಟು ಎದ್ದೆ. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಊಟ ಮುಗಿಸಿ, ಎದ್ದು ಕೈ ತೊಳೆದರು.

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಏಣಿ ಇರಲಿಲ್ಲ, ಅವರೂ ಇರಲಿಲ್ಲ. ನನಗೆ ಪಿತ್ತ ನೆತ್ತಿಗೇರಿತು. ಹುಡುಗಿ ಹೋಗುವ ಮೊದಲೇ ಕಾಯಿ ಕೆಟ್ಟಿವೆಯೇ ಎಂದು ನೋಡಲು ಓಡಿದ್ದಾರೆ ಮಹಾರಾಯರು ಎಂದುಕೊಂಡು ಹಿಂದೆಯೇ ಹೋದೆ. ಅವಳು ಬಾಗಿಲಲ್ಲಿ ಹೆದರಿಕೊಂಡು ನಿಂತಿದ್ದಳು. ಮೇಲಿನಿಂದ ಕಾಯಿ ಉರುಳಿಸುವ ಸದ್ದು, ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ಸದ್ದು.

"ಏನ್ರೀ, ನಾಚ್ಕೆ ಆಗಲ್ವಾ? ಬಸುರಿ ಹೆಂಗಸು ಮನೆ ಬಿಟ್ಟು ಹೊರಟವ್ಳೆ, ನಿಮಗೆ ಕಾಯಿ ಚಿಂತೆ! ಇಳೀರಿ ಕೆಳಕ್ಕೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ.

ಅವರು ನಿಧಾನವಾಗಿ ಇಳಿದರು. ತಲೆ ತುಂಬ ಧೂಳು, ಜೇಡರ ಬಲೆ. ಕೈಯ ಚೀಲದಲ್ಲಿ ಒಂದಿಷ್ಟು ಕಾಯಿ.

"ಇನ್ನೂ ಬಲಿಬೇಕಿತ್ತು. ಹುಡುಕ್ದೆ, ಇಷ್ಟು ಮಾತ್ರ ಗಡಗಡ ಅಂದ್ವು," ಎಂದರು. "ಮಡಿಲು ತುಂಬಕ್ಕೆ, ಬಾಣಂತಿ ಉಂಡೆಗೆ ಸಾಕಾಯ್ತವೆ. ಹೆಣ್ಮಗಳ ಮಡಿಲಿಗೆ ತವರುಮನೆಯೋರು ಅಂಗಡಿ ಕೊಬ್ರಿ ಹಾಕ್ತಾರೇನೇ?"

ತವರುಮನೆ ಎಂದರು. ಅದೂ ಎಷ್ಟು ಸಲೀಸಾಗಿ ಎಂದರು! ಅವರು ಹೆಗಲ ಮೇಲಿದ್ದ ಹೊಸ ನೂಲಿನ ಹಗ್ಗ ಬಿಚ್ಚಿ, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊ," ಎಂದು ಇನ್ನೊಂದು ತುದಿ ಹಿಡಿದು ಏಣಿ ಹತ್ತಿದರು. ಅಟ್ಟದ ತೊಲೆಯ ಕೆಳಗೆ, ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿದರು. ಅವಳಿಗೆ ಆಗ ಅರ್ಥವಾಯಿತು.

"ಬ್ಯಾಡ್ರೀ ಅಪ್ಪಾರ, ಕಾಯಿ ಕೆಡತಾವ್ರೀ."

"ಕೆಟ್ರೆ ಕೆಡ್ಲಿ ಬುಡವ್ವ. ಮರ ಎಲ್ಲಿಗ್ ಹೋಯ್ತವೆ? ಮುಂದಿನ್ ವರ್ಸ ಬತ್ತಾವೆ."

ಅವಳು ಹಗ್ಗ ಹಿಡಿದು ನಿಂತು ಅತ್ತಳು. ನಾನೂ ಅತ್ತೆ. ಆ ಮನುಷ್ಯನ ಮೇಲೆ ಅಷ್ಟೊಂದು ಪ್ರೀತಿ ನನಗೆ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.

ಮಡಿಲು ನಾನೇ ತುಂಬಿದೆ, ಬಾಣಂತನವನ್ನೂ ನಾನೇ ಮಾಡಿದೆ. ಆ ಆಷಾಢದಲ್ಲಿ ಸೋನೆ ಬಿಡಲೇ ಇಲ್ಲ. ಹಗ್ಗದ ತುಂಬ ಹಳೇ ಸೀರೆ ಹರಿದು ಮಾಡಿದ ಚಿಕ್ಕ ಚಿಕ್ಕ ಬಟ್ಟೆ. ಮೇಲೆ ಕೆಲವು ಕಾಯಿ ಮೊಳೆತು, ದಬ್ಬೆಯ ಸಂದಿಯಿಂದ ಹಸಿರು ಕಾಣತೊಡಗಿತು. ನಮ್ಮವರು ಕಂಡರೆ ಏನೆನ್ನುತ್ತಾರೋ ಎಂದು ನನಗೆ ಒಳಗೇ ಪುಕುಪುಕು.

ಒಂದು ಬೆಳಿಗ್ಗೆ ಯಜಮಾನರು ಬಂದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ತೊಟ್ಟಿಕ್ಕುವ ಬಟ್ಟೆಗಳ ಕೆಳಗೆ ತಲೆ ಬಗ್ಗಿಸಿಕೊಂಡು ಒಳಗೆ ನಡೆದರು. ಕತ್ತೆತ್ತಲೇ ಇಲ್ಲ. ನೇರ ಹೋಗಿ ತೊಟ್ಟಿಲು ನೋಡಿದರು.