ಗಂಗವ್ವನ ಕಾರ್ಡಿನಲ್ಲಿ ತೊಂಬತ್ತೈದು ಡಿಗ್ರಿ

ಶೈಲಜಾ ಮೇಡಂ, ಗಂಗವ್ವನ ಕಾರ್ಡಿನಲ್ಲಿ ನಾಲ್ಕು ವಾರ ನಾನು ಸುಳ್ಳು ಅಂಕಿ ಬರೆದೆ. ಅವಳ ತೋಳು ಮೇಲೇರುತ್ತಿತ್ತು, ಏರುತ್ತಿಲ್ಲವೆಂದು ಬರೆದೆ. ಕೈತಪ್ಪಿ ಅಲ್ಲ — ತಿಳಿದೇ.

ಎರಡು ವರ್ಷದ ಹಿಂದೆ, ಫಿಸಿಯೋಥೆರಪಿ ಓದುತ್ತಿದ್ದಾಗ, ಗೋಪನಕೊಪ್ಪದ ನಿಮ್ಮ ಕ್ಲಿನಿಕ್ಕಿಗೆ ನೋಡಿ ಕಲಿಯಲು ಬಂದಿದ್ದೆ. ಚಿಕಿತ್ಸೆ ನಿಮ್ಮದು. ವಾರದ ಕೊನೆಗೆ ರೋಗಿಯ ತೋಳು ಎಷ್ಟು ಏಳುತ್ತದೆಂದು ಅಳೆದು ಕಾರ್ಡಿನಲ್ಲಿ ಬರೆಯುವುದಷ್ಟೇ ನನ್ನ ಕೆಲಸ.

ಗಂಗವ್ವ ಉಪ್ಪಿನಬೆಟಗೇರಿಯ ಸೊಸೆ. ಹೆಗಲು ಬಿಗಿದುಕೊಂಡಿದ್ದರಿಂದ ತವರಿನಲ್ಲಿದ್ದು ದಿನವೂ ಬರುತ್ತಿದ್ದಳು. ಅಳತೆಯ ಪಟ್ಟಿ ಕಂಡರೆ ಅವಳಿಗೆ ನಗು: "ಬಂತ್ ನೋಡ್ರಿ ಕಂಪಾಸ್ ಪೆಟಗಿ! ನನ್ನ ತೋಳಿನ ಮ್ಯಾಲೆ ಏನ್ ಗಣಿತಾ ಮಾಡ್ತೀರಿ ಅಕ್ಕಾರ?"

ಪ್ರತಿ ಶನಿವಾರ ಅವಳ ಗಂಡ ಬಂದು ಕಾರ್ಡು ನೋಡುತ್ತಿದ್ದ. "ತೋಳು ಕಿವಿಗೆ ಹತ್ತಿದ ದಿನಾ ಕರ್ಕೊಂಡ ಹೋಗಾಂವ್ರಿ. ಮನ್ಯಾಗ ರೊಟ್ಟಿ ಬಡಿಯವರಿಲ್ಲ."

ಒಂದು ದಿನ ಪರದೆಯ ಹಿಂದೆ ಅವಳು ಎರಡೂ ಕೈ ಎತ್ತಿ ತುರುಬು ಕಟ್ಟಿಕೊಳ್ಳುತ್ತಿದ್ದಳು. ನಿಮ್ಮ ಮುಂದಾದರೆ ಹೆಗಲಿನ ಮಟ್ಟಕ್ಕೇ ನರಳಿ ತೋಳು ಬಿಗಿಹಿಡಿಯುವವಳು! ನನ್ನನ್ನು ಕಂಡೂ ಕೈ ಇಳಿಸಲಿಲ್ಲ.

"ಹೊಲಿಗಿ ಕ್ಲಾಸ್ ಮುಗಿಯಾಕ ಇನ್ನ ಒಂದ ತಿಂಗಳ ಐತ್ರಿ. ಜಂಪರ್ ಕತ್ತರಸೂದು ಈಗ ಬರಾಕತ್ತೈತಿ. ಊರಿಗೆ ಹೋದ್ರ ಮುಗೀತ್ರಿ. ನೋಡಿದ್ದ ಬರೀಬ್ಯಾಡ್ರಿ ಅಕ್ಕಾರ."

ತೊಂಬತ್ತೈದು ಡಿಗ್ರಿ ಎಂದು ಬರೆದೆ. ಮುಂದಿನ ವಾರವೂ ಅದೇ. ಅದರ ಮುಂದಿನ ವಾರವೂ —

ಇದಕ್ಕಾಗಿ ನಾನು ಕ್ಷಮೆ ಕೇಳುವುದಿಲ್ಲ. ಹದಿನಾಲ್ಕು ವರ್ಷ ರೊಟ್ಟಿ ಬಡಿದು ಕೆಟ್ಟ ಹೆಗಲು ಅದು. ವಾಸಿಯಾದ ದಿನವೇ ಅದನ್ನು ಮತ್ತೆ ಅದೇ ಹಂಚಿನ ಮುಂದೆ ಕೂರಿಸಲು ನನ್ನ ಅಳತೆ ಬೇಕಾಗಿತ್ತು ಗಂಡನ ಮನೆಯವರಿಗೆ. ಕೊಡಲಿಲ್ಲ. ಇಂದಾದರೂ ಕೊಡುತ್ತಿರಲಿಲ್ಲ. ಆದರೆ ಇಂದಾದರೆ ನಿಮಗೆ ಹೇಳುತ್ತಿದ್ದೆ. ಅಂದು ಹೇಳಲಿಲ್ಲ — ನೀವು ಒಪ್ಪುತ್ತೀರೋ ಇಲ್ಲವೋ ಎಂದು ಕೇಳಿ ನೋಡಲೂ ಇಲ್ಲ.

ನಾಲ್ಕನೇ ವಾರ ನೀವು ಕಾರ್ಡಿನ ಅಂಕಿಗಳ ಮೇಲೆ ಬೆರಳಾಡಿಸಿ ನನ್ನನ್ನು ಕೇಳಿದಿರಿ: "ಎಲ್ಲೆ ತಪ್ಪಾಕತ್ತೈತಿ? ನೀ ದಿನಾ ನೋಡ್ತಿ, ನೀನರ ಹೇಳವಾ. ನನ್ನ ಕೈಗುಣಾನ ಹೋತೇನು?"

"ಗೊತ್ತಿಲ್ಲ ಮೇಡಂ," ಎಂದೆ.

ಆ ಎರಡು ಪದಗಳೇ ನನ್ನ ಅಪರಾಧ. ನೀವು ಅವಳಿಗೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿರಿ. ಅವಳು ಅಲ್ಲಿಗೆ ಹೋಗಲೇ ಇಲ್ಲ. ಕ್ಲಾಸು ಮುಗಿಸಿ ಊರಿಗೆ ಹೋದಳು. ನಾನು ನಿಮ್ಮಿಂದ ಸರ್ಟಿಫಿಕೇಟು ಪಡೆದೆ — ಅಳತೆಯಲ್ಲಿ ನಿಖರ ಎಂದು ಬರೆದಿದ್ದಿರಿ.

ಈ ವರ್ಷ ನಿಮ್ಮಲ್ಲಿಗೆ ಬಂದಿರುವ ಹುಡುಗಿ ಮೊನ್ನೆ ಹೇಳಿದಳು, ಹೆಗಲಿನ ರೋಗಿಗಳನ್ನು ಮೇಡಂ ಈಗ ತಾವು ನೋಡುವುದಿಲ್ಲ, ಬೇರೆಯವರಿಗೆ ಕಳಿಸುತ್ತಾರೆ ಎಂದು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಪರದೆಯ ಹಿಂದೆ ನಾನು ಅಳೆದ ನಿಜವಾದ ಅಂಕಿಗಳು ಇವು: ನೂರ ಹತ್ತು, ನೂರ ಇಪ್ಪತ್ತೆಂಟು, ನೂರ ನಲವತ್ತು, ನೂರ ಅರವತ್ತು. ಅಷ್ಟನ್ನೂ ಏರಿಸಿದ್ದು ನಿಮ್ಮ ಕೈ.

ಸೋಮವಾರ ಬಂದು ಎದುರು ನಿಂತು ಇದನ್ನೇ ಹೇಳುತ್ತೇನೆ. ಬೈಯಿರಿ. ಕಾಲೇಜಿಗೆ ಬರೆಯಿರಿ, ಸಹಿ ನಾನೇ ಹಾಕುತ್ತೇನೆ. ಉಪ್ಪಿನಬೆಟಗೇರಿಗೆ ಮಾತ್ರ ಈ ಸುದ್ದಿ ಹೋಗಲು ನಾನು ಬಿಡುವುದಿಲ್ಲ.